ಅಂಜೂರಕ್ಕೆ ಸೋಪಿನ ಸ್ನಾನ

"ಅಕ್ಕಾ, ನೊರೆ ಸಾಲ್ದು. ಇನ್ನೊಂಚೂರು ಸೋಪು ಹಾಕು."

"ಸಾಕು ಸುಮ್ನಿರೋ. ಬಟ್ಟೆ ಒಗೀತಿದೀವಾ ನಾವು?"

ತಾವುಸ್ ಮೊಣಕೈವರೆಗೂ ಬಕೆಟ್ಟಿಗೆ ಕೈ ಬಿಟ್ಟು ನೀರು ಕದಡಿದಳು. ತಮ್ಮ ಆಕ್ಸಿಲ್ ಅಂಜೂರದ ಸರಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಿದ್ದ. ಒಣಹುಲ್ಲಿನ ಹುರಿಗೆ ಪೋಣಿಸಿದ ಸಣ್ಣ ಸಣ್ಣ ಹಸಿರು ಅಂಜೂರಗಳು ಅವು. ಒಂದೊಂದರ ಬುಡದಲ್ಲೂ ಒಂದು ತೂತು. ಆ ತೂತಿನಿಂದ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಕಪ್ಪು ಹುಳುಗಳು ಹೊರಗೆ ಬರುತ್ತಿದ್ದವು.

"ಥೂ, ಇನ್ನೊಂದು ಬಂತು. ಇದಕ್ಕೆ ರೆಕ್ಕೆ ಬೇರೆ ಇದೆ" ಎಂದ ಆಕ್ಸಿಲ್.

"ಮುಳುಗಿಸು, ಮುಳುಗಿಸು. ಅಜ್ಜಿ ಬರೋಷ್ಟರಲ್ಲಿ ಮುಗೀಬೇಕು."

ಅಜ್ಜಿ ಫೆರುಜಾ ಮರಕ್ಕೆ ಸರ ಏರಿಸಲು ಉದ್ದನೆಯ ಕವೆಗೋಲು ತರುತ್ತೇನೆಂದು ಪಕ್ಕದ ಮನೆಗೆ ಹೋಗಿದ್ದಳು. ಹೋದವಳು ಅಲ್ಲೇ ಮಾತಿಗೆ ನಿಂತಿದ್ದಳು. ಅಜ್ಜಿ ಮಾತಿಗೆ ನಿಂತರೆ ಒಲೆಯ ಮೇಲಿನ ರೊಟ್ಟಿ ಸೀದು ಕರಕಲಾಗುತ್ತದೆ ಎಂದು ಅಮ್ಮ ಯಾವಾಗಲೂ ಗೊಣಗುತ್ತಿದ್ದಳು. ಇವತ್ತು ಮಾತ್ರ ಅದು ತಾವುಸ್‌ಗೆ ಅನುಕೂಲವೇ ಆಯಿತು.

ಹೋದ ವರ್ಷದವರೆಗೆ ತಾವುಸ್ ಮನೆಯವರು ಕಡಲ ತೀರದ ಬೆಜಾಯಾ ಪಟ್ಟಣದಲ್ಲಿದ್ದರು. ಬೆಟ್ಟದ ಮೇಲಿನ ಅಜ್ಜಿಯ ಹಳ್ಳಿಗೆ ಬರುತ್ತಿದ್ದದ್ದು ರಜೆಯಲ್ಲಿ, ಅದೂ ಸರಿಯಾಗಿ ಹಣ್ಣು ತಿನ್ನುವ ಹೊತ್ತಿಗೆ. ಈ ವರ್ಷ ಅಮ್ಮನಿಗೆ ಇಲ್ಲಿಯ ಅಂಚೆ ಕಚೇರಿಗೇ ವರ್ಗವಾಯಿತು. ಹಾಗಾಗಿ ಹಣ್ಣಾಗುವ ಮುಂಚೆ ಮರದಲ್ಲಿ ಏನೇನು ನಡೆಯುತ್ತದೆ ಎಂದು ತಾವುಸ್ ನೋಡುತ್ತಿರುವುದು ಇದೇ ಮೊದಲು.

"ಅಜ್ಜಿ, ಈ ಸರ ಯಾಕೆ?" ಎಂದು ಬೆಳಿಗ್ಗೆ ಕೇಳಿದ್ದಳು.

"ಇದು ದೊಕ್ಕಾರ್. ಗಂಡು ಅಂಜೂರ. ಇದನ್ನ ಕಟ್ಟಿದ್ರೆ ಮರ ಕಾಯಿ ಉದುರಿಸಲ್ಲ" ಎಂದಿದ್ದಳು ಅಜ್ಜಿ. ಅಷ್ಟಕ್ಕೇ ಯಾರೋ ಕರೆದರು, ಮಾತು ಅಲ್ಲಿಗೇ ನಿಂತಿತು.

ಓಹೋ, ದೃಷ್ಟಿ ತಾಕದಿರಲಿ ಅಂತ ಕಟ್ಟೋದು ಅಂದುಕೊಂಡಳು ತಾವುಸ್. ಕಟ್ಟಲಿ, ಬೇಡ ಅಂದವರು ಯಾರು? ಆದರೆ ಹುಳ ಹಿಡಿದ ಕಾಯಿ ಕಟ್ಟುವುದೇ? ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಅಕ್ಕಿಯಲ್ಲಿ ಕಲ್ಲು ಕಾಣದೆ ತಾವುಸ್‌ಳನ್ನೇ ಕರೆಯುತ್ತಿದ್ದಳು. ಪಾಪ, ಈ ಹುಳುಗಳೂ ಕಂಡಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾಳೆ. ಹೇಳದೆಯೇ ಸರಿಮಾಡಿಬಿಟ್ಟರೆ ಆಯಿತು.

ಉಪಾಯ ಅವಳ ಕೈಯಲ್ಲೇ ಇತ್ತು. ಸ್ಕೂಲಿನ ಹಿತ್ತಲಲ್ಲಿ ಬೀನ್ಸ್ ಗಿಡಕ್ಕೆ ಕಪ್ಪು ಹೇನು ಮುತ್ತಿದಾಗ ಮೇಷ್ಟ್ರು ಮಕ್ಕಳ ಕೈಯಲ್ಲೇ ಸೋಪು ನೀರು ಸ್ಪ್ರೇ ಮಾಡಿಸಿದ್ದರು. ಎರಡೇ ದಿನಕ್ಕೆ ಗಿಡ ನಳನಳಿಸಿತ್ತು.

ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. ಹಿತ್ತಲ ಬೇಲಿಯ ಹತ್ತಿರದ ಅಂಜೂರದ ಮರ ತಾವುಸ್‌ಳದು. ಅವಳು ಹುಟ್ಟಿದ ವಾರ ಅಜ್ಜಿಯೇ ನೆಟ್ಟದ್ದು. ಎರಡು ಸಲ ಆಡು ಮೇಯ್ದು, ಒಂದು ಸಲ ಹಿಮಕ್ಕೆ ಸುಟ್ಟು, ಬದುಕಿತೋ ಇಲ್ಲವೋ ಎಂಬಂತೆ ಇದ್ದ ಮರ ಈ ವರ್ಷ ಮೊದಲ ಬಾರಿಗೆ ಕೊಂಬೆ ತುಂಬ ಕಾಯಿ ಬಿಟ್ಟಿತ್ತು. ಆ ಕಾಯಿಗೆ ಹುಳ ಹತ್ತಲು ಅವಳು ಬಿಟ್ಟಾಳೆಯೇ?

ಅಜ್ಜಿ ಕೋಲು ಹಿಡಿದು ಬರುವ ಹೊತ್ತಿಗೆ ಬಕೆಟ್ ಖಾಲಿಯಾಗಿತ್ತು. ಸರಗಳು ಹುಲ್ಲಿನ ಮೇಲೆ ಹರಡಿದ್ದವು.

"ಇದೇನೇ, ಒದ್ದೆ?"

"ಬಿಸಿಲಿಗೆ ಬಾಡ್ತಿದ್ವು ಅಜ್ಜಿ. ಸ್ವಲ್ಪ ನೀರು ಚಿಮುಕಿಸ್ದೆ."

"ನನ್ನ ಜಾಣೆ" ಎಂದು ಅಜ್ಜಿ ಅವಳ ಕೆನ್ನೆ ಸವರಿದಳು. ಆಕ್ಸಿಲ್ ಕಿಸಕ್ಕೆಂದು ನಕ್ಕ. ತಾವುಸ್ ಅವನ ಕಾಲು ತುಳಿದಳು.

ಅಂದು ಸಂಜೆಯೊಳಗೆ ಎಲ್ಲ ಮರಗಳಿಗೂ ಸರ ಬಿತ್ತು. ತನ್ನ ಮರಕ್ಕೆ ತಾವುಸ್ ತಾನೇ ಕಟ್ಟಿದಳು, ಎಲ್ಲಕ್ಕಿಂತ ಉದ್ದದ್ದನ್ನು ಆರಿಸಿ.

ವಾರ ಕಳೆಯುವುದರೊಳಗೆ ಮರ ಕಾಯಿ ಉದುರಿಸಲು ಶುರುಮಾಡಿತು.

ಮೊದಲ ದಿನ ಬುಡದಲ್ಲಿ ಒಂದೆರಡು ಬಿದ್ದಿದ್ದವು. ಗಾಳಿಗೆ ಇರಬೇಕು ಎಂದುಕೊಂಡಳು. ಮಾರನೆಯ ದಿನ ಇನ್ನಷ್ಟು ಬಿದ್ದಿದ್ದವು. ಅದರ ಮಾರನೆಯ ದಿನ ಕೊಂಬೆಯ ಮೇಲಿನ ಕಾಯಿಗಳೇ ಹಳದಿಯಾಗಿ ಸುಕ್ಕುಗಟ್ಟಿದ್ದವು. ಒಂದನ್ನು ಮುಟ್ಟಿದಳು, ಅದು ಹಾಗೇ ಕಳಚಿ ಅಂಗೈಗೆ ಬಿತ್ತು. ತಾವುಸ್ ಮನೆಯತ್ತ ಓಡಿದಳು.

"ಅಜ್ಜಿ, ನನ್ ಮರಕ್ಕೆ ಏನೋ ಆಗಿದೆ. ಬಾ ಬೇಗ."

ಅಜ್ಜಿ ಕೊಂಬೆಕೊಂಬೆಯನ್ನೂ ಬೆರಳಿನಿಂದ ತಡವಿದಳು. ಆಮೇಲೆ ತೂಗುತ್ತಿದ್ದ ಸರದಿಂದ ಒಂದು ದೊಕ್ಕಾರ್ ಕಿತ್ತು ಎರಡು ಹೋಳು ಮಾಡಿದಳು. ಒಳಗಿನ ಹುಳುಗಳೆಲ್ಲ ಕಪ್ಪಗೆ ಅಂಟಿಕೊಂಡು ಸತ್ತಿದ್ದವು. ಅಜ್ಜಿ ಅದನ್ನು ಮೂಗಿಗೆ ಹಿಡಿದಳು, ಮತ್ತೊಮ್ಮೆ ಹಿಡಿದಳು.

"ಇದ್ಯಾಕೆ ನಿಮ್ಮಪ್ಪನ ಒಗೆದ ಅಂಗಿ ಥರ ವಾಸನೆ ಬರ್ತಿದೆ?"

ತಾವುಸ್ ಕೈಗಳನ್ನು ಬೆನ್ನ ಹಿಂದೆ ಸರಿಸಿದಳು.

"ಅಕ್ಕ ಸ್ನಾನ ಮಾಡಿಸಿದ್ಳು" ಎಂದ ಆಕ್ಸಿಲ್. "ನಾನು ಎತ್ತಿ ಕೊಟ್ಟೆ ಅಷ್ಟೆ."

ಅಜ್ಜಿ ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟಳು. ಬೈದಿದ್ದರೆ ತಾವುಸ್ ತಡೆದುಕೊಳ್ಳುತ್ತಿದ್ದಳೋ ಏನೋ, ಅಜ್ಜಿ ಸುಮ್ಮನೆ ಕುಳಿತದ್ದನ್ನು ಕಂಡು ಅವಳಿಗೆ ಅಳುವೇ ಬಂತು.

"ಅದರಲ್ಲಿ ಹುಳ ಇತ್ತು ಅಜ್ಜಿ. ನಿನ್ ಕಣ್ಣಿಗೆ ಕಾಣಿಸ್ಲಿಲ್ಲ ಅಂದ್ಕೊಂಡೆ. ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ…"

"ನನ್ ಕಣ್ಣಿಗೆ ಕಾಣಲ್ಲ, ನಿಜ. ಕಿವಿಗೆ ಕೇಳುತ್ತಲ್ಲ, ಹೇಳಬಹುದಿತ್ತು" ಎಂದಳು ಅಜ್ಜಿ. ಆಮೇಲೆ ತಲೆಯ ವಸ್ತ್ರದ ತುದಿಯಿಂದ ಮೊಮ್ಮಗಳ ಮೂಗು ಒರೆಸಿದಳು. "ತಪ್ಪು ನಂದೂ ಇದೆ. ಅರ್ಧ ಹೇಳಿ ಓಡಿದೆ. ಹೋಗು, ಚಾಕು ತಗೊಂಬಾ."

ಅಜ್ಜಿ ಮರದ ಒಂದು ಎಳೆಗಾಯಿಯನ್ನು ಸೀಳಿ ತಾವುಸ್‌ಳ ಮುಂದೆ ಹಿಡಿದಳು. "ಇದೇನು ಹೇಳು."

"ಕಾಯಿ."

"ಅಲ್ಲ. ಸರಿಯಾಗಿ ನೋಡು. ನಿನ್ ಕಣ್ಣಾದ್ರೂ ಚೆನ್ನಾಗಿದೆ."

ತಾವುಸ್ ಬಗ್ಗಿ ನೋಡಿದಳು. ಒಳಗೋಡೆಯ ತುಂಬ ನೂಲಿನ ತುದಿಗಳಂಥ ಬಿಳಿ ಎಳೆಗಳು ಒತ್ತೊತ್ತಾಗಿ ನಿಂತಿದ್ದವು.

"ಇವೆಲ್ಲ ಹೂವಾ?"

"ಹೂವೇ. ಬೇರೆ ಮರ ಹೊರಗೆ ಹೂ ಬಿಡುತ್ತೆ, ಎಲ್ಲಾರ್ಗೂ ತೋರಿಸುತ್ತೆ. ಅಂಜೂರಕ್ಕೆ ನಾಚಿಕೆ. ಒಳಗೇ ಬಿಟ್ಕೊಂಡು ಬಾಗಿಲು ಹಾಕ್ಕೊಳ್ಳುತ್ತೆ. ಈ ಮರದಲ್ಲಿ ಬರೀ ಹೆಣ್ಣು ಹೂವು. ಗಂಡು ಹೂವಿನ ಪುಡಿ ದೊಕ್ಕಾರ್ ಒಳಗಿದೆ. ಅಲ್ಲಿಂದ ಇಲ್ಲಿಗೆ ಅದನ್ನ ತರೋರು ಯಾರು? ಗಾಳಿಗೆ ಆಗಲ್ಲ. ಜೇನು ಈ ತೂತಲ್ಲಿ ನುಗ್ಗಲ್ಲ."

"ಆ ಹುಳಾನಾ?"

"ಹುಳ ಅಲ್ಲ, ಪುಟಾಣಿ ಕಣಜ ಅದು. ದೊಕ್ಕಾರ್ ಒಳಗೇ ಹುಟ್ಟುತ್ತೆ. ಹೊರಗೆ ಬರೋವಾಗ ಮೈಗೆಲ್ಲ ಪುಡಿ ಮೆತ್ಕೊಂಡು ಬರುತ್ತೆ. ಅದು ಈ ಕಾಯಿ ಒಳಗೆ ಹೊಕ್ಕಿದ್ರೆ ಬೀಜ ಕಟ್ಟುತ್ತೆ. ಬೀಜ ಕಟ್ಟಿಲ್ಲ ಅಂದ್ರೆ, ಯಾರಿಗೋಸ್ಕರ ಹಣ್ಣು ಮಾಡ್ಲಿ ಅಂತ ಮರ ಉದುರಿಸಿಬಿಡುತ್ತೆ."

ತಾವುಸ್ ಬುಡದಲ್ಲಿ ಬಿದ್ದ ಹಳದಿ ಕಾಯಿಗಳನ್ನು ನೋಡಿದಳು. ಅಂದು ಮೇಷ್ಟ್ರು ಸ್ಪ್ರೇ ಡಬ್ಬ ಕೈಗೆ ಕೊಡುವ ಮುಂಚೆ ಇನ್ನೊಂದು ಮಾತು ಹೇಳಿದ್ದರು, ಯಾವ ಹುಳ ಅಂತ ಮೊದಲು ನೋಡಿ ಎಂದು. ಸ್ಪ್ರೇ ಡಬ್ಬ ಯಾರಿಗೆ ಸಿಗುತ್ತದೆ ಎಂಬ ಜಗಳದಲ್ಲಿ ಅದನ್ನು ಕೇಳಿಸಿಕೊಂಡವರು ಯಾರು?

"ಇನ್ನೂ ಉಳಿದಿವೆಯಲ್ಲ ಅಜ್ಜಿ. ಬೇರೆ ದೊಕ್ಕಾರ್ ತರೋಣ."

"ಕೆಳಗಿನ ಮರಗಳದ್ದೆಲ್ಲ ಮುಗೀತು, ಕಣಜ ಹಾರಿಹೋಗಿರುತ್ತೆ. ಮೇಲೆ ವರ್ದಿಯಾ ಮನೇಲಿ ಒಂದು ಗಂಡು ಮರ ಇದೆ. ಅಲ್ಲಿ ಚಳಿ ಜಾಸ್ತಿ, ತಡವಾಗಿ ಮಾಗುತ್ತೆ. ಇದ್ರೆ ಅಲ್ಲೇ ಇರಬೇಕು."

"ನೀನೂ ಬಾ."

"ನನ್ ಮೊಣಕಾಲು ಆ ಏರು ಹತ್ತಲ್ಲ. ಹೋಗೋಳೂ ನೀನೇ, ಹೇಳೋಳೂ ನೀನೇ."

ವರ್ದಿಯಾ ದೊಡ್ಡಮ್ಮನ ನಾಲಿಗೆ ಊರಿಗೆಲ್ಲ ಗೊತ್ತು. ಬೀದಿಯಲ್ಲಿ ಅವಳು ಎದುರಾದರೆ ದೊಡ್ಡವರೂ ತಲೆಯ ವಸ್ತ್ರ ಸರಿಮಾಡಿಕೊಳ್ಳುತ್ತಿದ್ದರು. ತಾವುಸ್ ಏರು ಹತ್ತುವಾಗ ಹೇಳಬೇಕಾದ ಮಾತನ್ನು ನಾಲ್ಕಾರು ಥರ ಕಟ್ಟಿನೋಡಿದಳು. ಸರಗಳು ಕಳೆದುಹೋದವು ಅನ್ನಲೇ? ಆಡು ತಿಂದವು ಅನ್ನಲೇ?

ದೊಡ್ಡಮ್ಮ ಅಂಗಳದಲ್ಲಿ ಕುಳಿತು ಮಜ್ಜಿಗೆ ಕಡೆಯುತ್ತಿದ್ದಳು. "ಏನಮ್ಮ, ಪಟ್ಟಣದವಳೇ. ದಾರಿ ತಪ್ಪಿ ಬಂದ್ಯಾ?"

"ದೊಕ್ಕಾರ್ ಬೇಕಿತ್ತು ದೊಡ್ಡಮ್ಮ."

"ನಿಮ್ಮಜ್ಜಿ ಮೊನ್ನೆ ತಾನೇ ಬುಟ್ಟಿಗಟ್ಟಲೆ ಕಟ್ಟಿದ್ಳಲ್ಲ. ಎಲ್ಲಿ ಹೋಯ್ತು?"

ಆಡಿನ ಕತೆ ತುಟಿಯವರೆಗೂ ಬಂತು. ಅಜ್ಜಿ ಕೆನ್ನೆ ಸವರಿ ಜಾಣೆ ಅಂದದ್ದು ನೆನಪಾಗಿ ಅಲ್ಲೇ ನಿಂತಿತು.

"ನಾನು… ಸೋಪು ನೀರಲ್ಲಿ ಮುಳುಗಿಸ್ದೆ. ಹುಳ ಇದೆ ಅಂತ."

ಕಡೆಯುವ ಸದ್ದು ನಿಂತಿತು.

"ಒಗೆದೆ ಅನ್ನು."

"ಹೂಂ."

"ಇಸ್ತ್ರಿ?"

"ಇಲ್ಲ ದೊಡ್ಡಮ್ಮ."

ವರ್ದಿಯಾ ದೊಡ್ಡಮ್ಮನ ಹೊಟ್ಟೆ ಕುಲುಕಿತು, ಹೆಗಲು ಕುಲುಕಿತು, ಕಣ್ಣಲ್ಲಿ ನೀರು ಬಂತು. ತಾವುಸ್ ಕಿವಿ ಕೆಂಪಾಗಿಸಿಕೊಂಡು ನೆಲ ನೋಡುತ್ತ ನಿಂತಳು. ನಗು ಮುಗಿದ ಮೇಲೆ ದೊಡ್ಡಮ್ಮ ಒಂದು ಲೋಟ ಮಜ್ಜಿಗೆ ಅವಳ ಕೈಗಿಟ್ಟಳು.

"ಕುಡಿ. ದೊಕ್ಕಾರ್ ಕೇಳಿದೋರಿಗೆ ಈ ಊರಲ್ಲಿ ಇಲ್ಲ ಅನ್ನಲ್ಲ. ಆದ್ರೆ ಈಗ ಬಿಸಿಲು, ಕಿತ್ತರೆ ಎಲ್ಲ ಹಾರಿಹೋಗುತ್ತವೆ. ನಾಳೆ ಬೆಳಕು ಹರಿಯೋ ಹೊತ್ತಿಗೆ ಬಟ್ಟೆ ತಗೊಂಡು ಬಾ. ಮತ್ತೆ ಈ ಕತೆ ನಾನು ನೀರು ತುಂಬೋ ಕಡೆ ಎಲ್ಲಾರ್ಗೂ ಹೇಳ್ತೀನಿ, ಈಗ್ಲೇ ಹೇಳಿರ್ತೀನಿ. ಇದನ್ನ ಹೊಟ್ಟೇಲಿ ಇಟ್ಕೊಂಡ್ರೆ ನಂಗೆ ಅಜೀರ್ಣ ಆಗುತ್ತೆ."

ಮಾರನೆಯ ದಿನ ತಾವುಸ್ ದೊಕ್ಕಾರ್‌ಗಳನ್ನು ಒದ್ದೆ ಮಾಡದ ಬಟ್ಟೆಯಲ್ಲಿ ಸುತ್ತಿ, ನಿದ್ದೆ ಮಾಡುವ ಮಗುವನ್ನು ತರುವಂತೆ ಎದೆಗವುಚಿಕೊಂಡು ಇಳಿದಳು. ಇದ್ದದ್ದು ಕಡಿಮೆ. ಅಜ್ಜಿಯ ಹಳೆಯ ಮರಗಳಲ್ಲಿ ಹೆಚ್ಚು ಕಾಯಿ ಉಳಿದಿದ್ದವು, ಚಳಿಗಾಲಕ್ಕೆ ಮನೆಮಂದಿಯೆಲ್ಲ ತಿನ್ನುವ ಒಣಹಣ್ಣು ಅವುಗಳಿಂದಲೇ. ಅವಳೇ ಉದ್ದುದ್ದ ಸರಗಳನ್ನು ಅಲ್ಲಿಗೆ ಕಟ್ಟಿಸಿದಳು. ತನ್ನ ಮರಕ್ಕೆ ಕೊನೆಯ ಗಿಡ್ಡ ಸರ ಸಿಕ್ಕಿತು.

"ನಿಂಗೆ ಸಾಕೇನೇ ಇಷ್ಟು?" ಎಂದಳು ಅಜ್ಜಿ.

"ಸಾಕು" ಎಂದಳು ತಾವುಸ್. ಸಾಲದು ಎಂದು ಅವಳಿಗೆ ಗೊತ್ತಿತ್ತು.

ಸೂರ್ಯ ಬೆಟ್ಟ ದಾಟಿ ಬರುತ್ತಿದ್ದಂತೆ ಕಣಜಗಳು ಒಂದೊಂದಾಗಿ ಹೊರಬಂದವು. ಒಂದು ಅವಳ ಹೆಬ್ಬೆರಳ ಮೇಲೆ ಕುಳಿತಿತು. ಅವಳು ಉಸಿರು ಬಿಗಿಹಿಡಿದಳು. ಅದು ಹಾರಿ ಎದುರಿನ ಕಾಯಿಯ ಬಾಯಿಗೆ ಹೋಗಿ ತಲೆ ತೂರಿಸಿತು. ಬಾಗಿಲು ಕಿರಿದು. ತಳ್ಳಿತು, ತಿರುಗಿತು, ಮತ್ತೆ ತಳ್ಳಿತು. ಒಳಗೆ ಹೋದಾಗ ಅದರ ಎರಡು ರೆಕ್ಕೆಗಳು ಮುರಿದು ಹೊರಗೇ ಅಂಟಿಕೊಂಡಿದ್ದವು.

"ಅಜ್ಜಿ, ರೆಕ್ಕೆ ಬಿಟ್ಟುಹೋಯ್ತು. ವಾಪಸ್ ಹೇಗೆ ಬರುತ್ತೆ?"

"ಬರಲ್ಲ ಕಣೇ. ಮೊಟ್ಟೆ ಇಡೋಕೆ ಜಾಗ ಹುಡುಕ್ಕೊಂಡು ಹೋಗುತ್ತೆ. ಹೆಣ್ಣು ಮರದಲ್ಲಿ ಅದಕ್ಕೆ ಜಾಗ ಸಿಗಲ್ಲ. ಹೂವಿಂದ ಹೂವಿಗೆ ಓಡಾಡಿ ಓಡಾಡಿ ಅಲ್ಲೇ ಉಳಿದು, ಹಣ್ಣಲ್ಲೇ ಕರಗಿಬಿಡುತ್ತೆ."

ಆಕ್ಸಿಲ್ ಬಂದು ಆ ರೆಕ್ಕೆಗಳನ್ನು ನೋಡಿ "ಏನೋ ಕಸ" ಎಂದು ಊದಲು ಬಾಯಿ ತೆರೆದ. ತಾವುಸ್ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

ಬೇಸಿಗೆ ಬಲಿಯಿತು. ಸೋಪಿನ ಕತೆ ಊರೆಲ್ಲ ಸುತ್ತಿ, ತಾವುಸ್ ನೀರಿಗೆ ಹೋದಾಗಲೆಲ್ಲ "ಇವತ್ತೇನು ಒಗೀತೀಯ, ಆಲಿವ್ವಾ?" ಎಂದು ಹೆಂಗಸರು ಕೇಳುವಂತಾಯಿತು. ಮೊದಮೊದಲು ಅವಳಿಗೆ ಅಳು ಬರುತ್ತಿತ್ತು. ಬರಬರುತ್ತ ಅವಳೂ ನಗತೊಡಗಿದಳು.

ಮರದಲ್ಲಿ ಮಾತ್ರ ದಿನಕ್ಕೊಂದಿಷ್ಟು ಬೀಳುತ್ತಲೇ ಇದ್ದವು. ಒಂದು ದಿನ ಬೀಳುವುದು ನಿಂತಿತು. ಉಳಿದ ಕೆಲವು ಹಸಿರಾಗಿ, ಗುಂಡಾಗಿ ಕೊಂಬೆಗೆ ಕಚ್ಚಿಕೊಂಡಿದ್ದವು. ಅಜ್ಜಿಯ ಮರಗಳಲ್ಲಿ ಪರವಾಗಿಲ್ಲ ಎನ್ನುವಷ್ಟಿದ್ದವು.

ಊರ ಹಿರಿಯರ ಸಭೆ ಹೇಳುವವರೆಗೆ ಯಾರೂ ತಮ್ಮ ಮರದ ಹಣ್ಣನ್ನೂ ಕೀಳುವಂತಿಲ್ಲ. ಆಗಸ್ಟಿನ ಒಂದು ಬೆಳಿಗ್ಗೆ ಅಪ್ಪಣೆಯಾಯಿತು. ತಾವುಸ್ ಮಾಗಿದ ಮೊದಲ ಹಣ್ಣನ್ನು ಕಿತ್ತು ಬೇಲಿಯ ಪಕ್ಕದ ಕಲ್ಲಿನ ಮೇಲೆ ಕುಳಿತಳು. ಎಡಕ್ಕೆ ಅಜ್ಜಿ, ಬಲಕ್ಕೆ ಆಕ್ಸಿಲ್. ಹಣ್ಣು ಬಿಚ್ಚಿದಳು. ಒಳಗೆ ಕೆಂಪು ತಿರುಳು, ಜೇನಿನಂಥ ರಸ, ತುಂಬ ಬೀಜ.

ಆಕ್ಸಿಲ್ ಅನುಮಾನದಿಂದ ಬಗ್ಗಿ ಬಗ್ಗಿ ನೋಡಿದ. "ಅಕ್ಕಾ, ಕಣಜ ಎಲ್ಲಿ? ಒಳಗೇ ಇರುತ್ತೆ ಅಂದ್ಳಲ್ಲ ಅಜ್ಜಿ."

ತಾವುಸ್ ಹಣ್ಣನ್ನು ಮೂರು ಪಾಲು ಮಾಡಿದಳು. ದೊಡ್ಡದನ್ನು ಅಜ್ಜಿಯ ಅಂಗೈಯಲ್ಲಿಟ್ಟಳು. ತನ್ನ ಪಾಲನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಹಲ್ಲಿನ ನಡುವೆ ಬೀಜಗಳು ಚಿಟಿಚಿಟಿ ಎಂದವು.

"ಇದೆ" ಎಂದಳು.

"ಎಲ್ಲಿ? ಕಾಣ್ತಾನೇ ಇಲ್ಲ."

"ಕಾಣಲ್ಲ. ತಿನ್ನು, ಗೊತ್ತಾಗುತ್ತೆ."