ಕೋಚ್ ನಿಜವಾಗಿ ಸೋತ ಶನಿವಾರ

ಬಹಳ ಗಂಭೀರವಾದ ಸಂಗತಿಯೊಂದನ್ನು ಇಲ್ಲಿ ದಾಖಲಿಸಬೇಕಾಗಿದೆ. ಒಂದು ಶನಿವಾರ ಬೆಳಗ್ಗೆ, ಕ್ಲಬ್ಬಿನ ಸ್ಕ್ವಾಷ್ ಕೋರ್ಟಿನಲ್ಲಿ, ಹಲ್ಲಿನ ಡಾಕ್ಟರೊಬ್ಬಳು ಕೋಚನ್ನು ಸೋಲಿಸಿದಳು. ರಾಜ್ಯಗಳು ಕೈಬದಲಾದಾಗಲೂ ಇಷ್ಟು ಮಾತು ಹುಟ್ಟಿರಲಾರದು. ಈಜುಕೊಳದವರು ಒದ್ದೆ ಮೈಯಲ್ಲೇ ಬಂದು ಸುದ್ದಿ ಕೇಳಿಕೊಂಡು ಹೋದರು.

ಕೋಚ್ ಅಂದರೆ ಸಾಮಾನ್ಯನಲ್ಲ. ದೇಶದೇಶ ಸುತ್ತಿ, ಗಾಜಿನ ಕೋರ್ಟುಗಳಲ್ಲಿ ಆಡಿ ಹೊಟ್ಟೆ ಹೊರೆದವನು. ಸೊಂಟದ ಕೀಲು ಸವೆದ ಮೇಲೆ ಆಟ ಬಿಟ್ಟು ಆಟ ಕಲಿಸಲು ನಿಂತಿದ್ದ. ಕಲಿಸುವುದರಲ್ಲೊಂದು ಅನುಕೂಲವಿದೆ: ನಡುವೆ ನಿಂತು ಚೆಂಡು ಹಾಕುತ್ತಿದ್ದರಾಯಿತು, ಓಡುವವರು ಶಿಷ್ಯರು. ಸೊಂಟದ ಗುಟ್ಟು ಅವನ ಅಕ್ಕನೊಬ್ಬಳಿಗೇ ಗೊತ್ತು.

ಡಾಕ್ಟರಿಗೆ ಕಾಲೇಜಿನ ದಿನಗಳಿಂದ ಆಟ ರೂಢಿ. ಹಲ್ಲಿನ ಕುಳಿಗೆ ಸಿಮೆಂಟ್ ತುಂಬುವ ಕೈ ಅವಳದು. ಅದೇ ನಯದಲ್ಲಿ ಚೆಂಡನ್ನು ಎತ್ತರಕ್ಕೆ ತೇಲಿಸಿ ಹಿಂದಿನ ಎಡಮೂಲೆಗೆ ಇಳಿಸುತ್ತಿದ್ದಳು. ಅಲ್ಲಿಗೆ ತಿರುಗಲು ಅವನ ಸೊಂಟ ಒಪ್ಪಲಿಲ್ಲ. ಪಾಯಿಂಟು ಬಂದಾಗಲೆಲ್ಲ, ಹಣೆಗಂಟಿದ ಕೂದಲನ್ನು ಮೊಣಕೈಯಿಂದ ಸರಿಸುತ್ತ, ನೋವಾಯಿತೇ ಎಂದು ರೋಗಿಯನ್ನು ಕೇಳುವ ಹಾಗೆ ಅವನತ್ತ ನೋಡುತ್ತಿದ್ದಳು.

ಆ ನೋಟಕ್ಕಾಗಿ ಇನ್ನೂ ನಾಲ್ಕು ಪಾಯಿಂಟು ಹೋದರೂ ಹೋಗಲಿ ಎಂದು ಅವನಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಪಾಯಿಂಟು ಹೋದದ್ದು ಆ ಕಾರಣಕ್ಕಲ್ಲ.

ಅವಳು ಕೋರ್ಟಿನ ಬಾಗಿಲಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿ ಬೀಗಿದಳು.

ಕ್ಯಾಂಟೀನಿನಲ್ಲಿ ಕ್ಲಬ್ಬಿನ ಸೆಕ್ರೆಟರಿ ಕಣ್ಣು ಮಿಟುಕಿಸಿದರು. "ಬೇಕಂತ್ಲೇ ಸೋತ್ರಿ ತಾನೇ? ನಮಗೇನು ಗೊತ್ತಾಗಲ್ವಾ ನಿಮ್ಮ ಮನಸ್ಸು."

ಪಕ್ಕದ ಟೇಬಲ್ಲಿನಲ್ಲಿ ಶಿಷ್ಯರ ಅಪ್ಪಂದಿರು ಕೂತಿದ್ದರು. ಕೋಚ್ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಟೀ ಲೋಟದೊಳಕ್ಕೆ ನೋಡಿ ನಕ್ಕ. ಸೋತವನು ಅನ್ನಿಸಿಕೊಳ್ಳುವುದಕ್ಕಿಂತ ಪ್ರೇಮಿ ಅನ್ನಿಸಿಕೊಳ್ಳುವುದು ಮರ್ಯಾದೆಯಾಗಿ ಕಂಡಿತು. ಆ ನಗು ಸಂಜೆಯೊಳಗೆ ಅವಳ ಕ್ಲಿನಿಕ್ಕಿಗೆ ತಲುಪಿತು. ತಲುಪಿಸಿದ ರೋಗಿಗೆ ಬಾಯಿ ತೆರೆಯಲು ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಆಟಕ್ಕೆ ಬರುವುದನ್ನು ಬಿಟ್ಟಳು. ಫೋನ್ ಮಾಡಿದರೆ, ಭಿಕ್ಷೆಯ ಗೆಲುವು ತನಗೆ ಬೇಡವೆಂದೂ, ಅಪ್ಪನ ಮುಂದೆ ತಲೆ ಎತ್ತಲಾಗುತ್ತಿಲ್ಲವೆಂದೂ, ಇನ್ನು ಮುಂದೆ ಫೋನ್ ಮಾಡಬಾರದೆಂದೂ ಬಹಳ ಸಭ್ಯವಾಗಿ ಹೇಳಿದಳು. ಬೈದಿದ್ದರೆ ವಾಸಿಯಿತ್ತು.

ಅಕ್ಕನಿಗೆ ಎಲ್ಲ ಗೊತ್ತಾಯಿತು. "ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂದ್ನಂತೆ. ನಿಂಗೆ ಮೀಸೆನೂ ಇಲ್ವಲ್ಲೋ."

ಚೆಂಡು ಎರಡು ಸಲ ಪುಟಿದರೆ ಪಾಯಿಂಟು ಹೋಯಿತು, ಬೇರೆ ಯಾರೂ ನೋಡದಿದ್ದರೂ ನೀವೇ ಒಪ್ಪಿಕೊಳ್ಳಬೇಕು ಎಂದು ಮಕ್ಕಳಿಗೆ ದಿನಾ ಪಾಠ ಹೇಳುತ್ತಿದ್ದ. ಮರುದಿನ ಅದನ್ನು ಹೇಳಹೋದರೆ ನಾಲಿಗೆ ಏಳಲಿಲ್ಲ. ಸೋತದ್ದು ನಾಚಿಕೆಯಲ್ಲ, ನ್ಯಾಯವಾಗಿ ಗೆದ್ದವಳು ನಾಚಿ ತಲೆತಗ್ಗಿಸುವ ಹಾಗೆ ಮಾಡಿದ್ದು ನಾಚಿಕೆ.

ಅವಳ ಕ್ಲಿನಿಕ್ಕಿಗೆ ಹೋದ. ಕೆನ್ನೆ ಊದಿದವರ ಸಾಲಿನಲ್ಲಿ ತನ್ನ ಸರದಿಗೆ ಕಾದು, ಕುರ್ಚಿಯಲ್ಲಿ ಒರಗಿದ. ಅವಳು ಮುಖದ ಮೇಲಕ್ಕೆ ದೀಪ ತಿರುಗಿಸಿದಳು.

"ಯಾವ ಹಲ್ಲು?"

"ಹಲ್ಲಲ್ಲ ಡಾಕ್ಟ್ರೇ, ಸೊಂಟ."

"ಇಲ್ಲಿ ಅದನ್ನ ಕೀಳಲ್ಲ."

"ನಾನೇನೂ ಬಿಟ್ಟುಕೊಟ್ಟಿಲ್ಲ. ಎಡಗಡೆ ತಿರುಗೋಕೆ ಆಗಲ್ಲ ನಂಗೆ. ನಿಜವಾಗ್ಲೂ ಸೋತೆ. ಸೆಕ್ರೆಟರಿ ಹಾಗಂದಾಗ ಸುಮ್ನೆ ನಕ್ಕುಬಿಟ್ಟೆ."

ಮಾಸ್ಕಿನ ಮೇಲೆ ಅವಳ ಕಣ್ಣಷ್ಟೇ ಕಾಣುತ್ತಿತ್ತು.

"ಹಾಗಾದ್ರೆ ನನ್ನ ಮೇಲೆ ಮನಸ್ಸು ಅಂತ ಎಲ್ರೂ ಹೇಳ್ತಿದ್ದಾರಲ್ಲ, ಅದೂ ಸುಳ್ಳಾ?"

"ಅದು ನಿಜ. ಸೋತಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ."

ಅವಳು ದೀಪ ಆರಿಸಿದಳು. "ಇದನ್ನ ನಂಗಲ್ಲ, ಕ್ಯಾಂಟೀನಲ್ಲಿ ಹೇಳಿ."

ಮುಂದಿನ ಭಾನುವಾರ ಸೆಕ್ರೆಟರಿ, ಅಪ್ಪಂದಿರು, ಈಜುಕೊಳದವರು ಎಲ್ಲರ ಮುಂದೆ ಅವನು ಎದ್ದು ನಿಂತು ಸೊಂಟ, ಸೋಲು, ನಗು ಮೂರನ್ನೂ ಒಪ್ಪಿಕೊಂಡ. ಕಿವಿ ಕೆಂಡವಾಗಿತ್ತು. ಮೂಲೆಯ ಟೇಬಲ್ಲಿನಲ್ಲಿ ಅವಳು ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು.

ಇಬ್ಬರು ಅಪ್ಪಂದಿರು ಆ ವಾರವೇ ತಮ್ಮ ಮಕ್ಕಳಿಗೆ ಬೇರೆ ಕೋಚನ್ನು ಗೊತ್ತುಮಾಡಿದರು. ಡಾಕ್ಟರ್ ಅವನನ್ನು ಮದುವೆಯಾದಳು.