ಬೂದಿಗಿಡಕ್ಕೆ ಕಟ್ಟಿದ ಕೆಂಪು ಟೇಪು

“ಚಿಕ್ಕಪ್ಪಾ, ಮಷಿನ್ ಆಫ್ ಮಾಡು!”

ಮೆಣಸಿ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ನಾಲ್ಕು ಕಟಿಂಗ್ ಮಷಿನ್‌ಗಳು ಗುರ್ ಎನ್ನುತ್ತಿದ್ದವು. ಗಾತ್ರದಲ್ಲಿ ಚಿಕ್ಕವಳು, ಮಾತು ಖಾರ. ಅದಕ್ಕೇ ಮನೆಯವರೆಲ್ಲ ಅವಳನ್ನು ಮೆಣಸಿ ಅನ್ನುತ್ತಿದ್ದರು.

ಅವಳು ಓಡಿಹೋಗಿ ಚಿಕ್ಕಪ್ಪನ ಎದುರಿಗೇ ನಿಂತುಬಿಟ್ಟಳು. ಚಿಕ್ಕಪ್ಪ ಗಕ್ಕನೆ ಹಿಂದೆ ಸರಿದ. ಮಷಿನ್ ನಿಂತಿತು. ಅವನು ಕೆಲಸದ ಕಪ್ಪು ಕನ್ನಡಕವನ್ನು ಹಣೆಗೇರಿಸಿದ.

“ತಲೆ ಕೆಟ್ಟಿದೆಯೇನೇ ನಿಂಗೆ? ಕಾಲು ಹೋಗ್ತಿತ್ತು!”

“ಇದು ಬೂದಿಗಿಡ! ಯಾಕೆ ಕಡೀತಿದ್ದೀಯಾ?”

“ಟೇಪ್ ಇದೆಯಲ್ಲೇ. ಕೆಂಪು ಕಂಡ್ರೆ ಕಡಿ. ನಮ್ಮ ಕೆಲಸ ಅಷ್ಟೇ.”

ಮೆಣಸಿ ಟೇಪನ್ನೇ ನೋಡಿದಳು. ಆ ಟೇಪು ಕಟ್ಟಿದವಳು ಅವಳೇ.

ನಿನ್ನೆ ಕ್ಲಾಸಿನವರೆಲ್ಲ ಟೀಚರ್ ಜೊತೆ ಗುಡ್ಡ ಹತ್ತಿ ಬೂದಿಗಿಡ ಎಣಿಸಿದ್ದರು. ಮೊಣಕಾಲೆತ್ತರದ ಮುಳ್ಳುಗಿಡ, ಬೂದಿ ಬಳಿದಂಥ ಎಲೆ. ಬೆಳೆಯುವುದು ಈ ಗುಡ್ಡದ ಕಲ್ಲುಸಂದಿಗಳಲ್ಲಿ ಮಾತ್ರ, ಅದೂ ವರ್ಷಕ್ಕೆ ಒಂದು ಬೆರಳಿನಷ್ಟು. ಇಲ್ಲಿನ ಒಂದು ಪುಟ್ಟ ಚಿಟ್ಟೆ ಇದರ ಎಲೆಯ ಮೇಲೆ ಬಿಟ್ಟರೆ ಬೇರೆಲ್ಲೂ ಮೊಟ್ಟೆ ಇಡುವುದಿಲ್ಲ. ಹುಡುಕಿ ಹುಡುಕಿ ಸಿಕ್ಕಿದ್ದು ನಲವತ್ಮೂರು.

“ಗುರುತಿಗೆ ಏನಾದರೂ ಕಟ್ಟಿ,” ಎಂದಿದ್ದರು ಟೀಚರ್. ಮೆಣಸಿ ಜಂಬದಿಂದ ಕೆಂಪು ಟೇಪಿನ ಸುರುಳಿ ತೆಗೆದಿದ್ದಳು. ಅದು ಆಫೀಸಿನವರು ಮರಗಳಿಗೆ ಕಟ್ಟಿ ಉಳಿದದ್ದು, ಚಿಕ್ಕಪ್ಪನ ಕೆಲಸದ ಚೀಲದಲ್ಲಿತ್ತು. ಕೇಳದೇ ತಂದದ್ದು.

“ಏನದು ಗಲಾಟೆ?” ಬಿಳಿ ಮೀಸೆಯ ಮೇಸ್ತ್ರಿ ಮೇಲಿಂದ ಇಳಿದು ಬಂದರು.

ಮೆಣಸಿ ಎಲ್ಲ ಹೇಳಿದಳು. ತಾನೇ ಕಟ್ಟಿದ್ದು ಎಂಬುದನ್ನೂ ಹೇಳಿದಳು. ಆಮೇಲೆ ಸಿಟ್ಟು ತಡೆಯಲಾಗಲಿಲ್ಲ.

“ನೀವು ಕಡಿಯೋಕೆ ಬಂದಿರೋದು ಕರೆಂಟ್ ವೈರಿಗೆ ತಾಗೋ ಮರ ತಾನೇ? ಮೊಣಕಾಲೆತ್ತರದ ಗಿಡ ಅಷ್ಟೆತ್ತರದ ವೈರಿಗೆ ಹೆಂಗೆ ತಾಗತ್ತೆ? ಒಬ್ರೂ ಯೋಚನೆ ಮಾಡ್ಲಿಲ್ವಾ?”

“ಯೋಚನೆ ಮಾಡೋಕೆ ನಮಗೆ ಸಂಬಳ ಕೊಡಲ್ಲ ತಾಯಿ,” ಎಂದರು ಮೇಸ್ತ್ರಿ. ಉಳಿದವರು ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. “ಆಫೀಸಿನವರು ಟೇಪ್ ಕಟ್ತಾರೆ. ‘ಯಾಕೆ’ ಅಂತ ಕೇಳಿದ್ರೆ ‘ಹೇಳಿದಷ್ಟು ಮಾಡು’ ಅಂತಾರೆ. ಈಗ ಯಾವುದು ಅವರದ್ದು, ಯಾವುದು ನಿಂದು? ನಂಗೆ ಹೆಂಗೆ ಗೊತ್ತಾಗ್ಬೇಕು?”

“ನಾನು ಕಟ್ಟಿದ್ದು ಜಡೆ ರಿಬ್ಬನ್ ಥರ. ನಾನೇ ಬಿಚ್ತೀನಿ.”

“ಚಹಾ ಕುಡಿಯೋಷ್ಟು ಹೊತ್ತು ಕೊಡ್ತೀನಿ. ಆಮೇಲೂ ಟೇಪ್ ಇದ್ರೆ ಮಷಿನ್ ಓಡತ್ತೆ.”

ಮೆಣಸಿ ಬಗ್ಗಿದಳು. ಬಿಚ್ಚಿದಳು. ಮುಂದಿನ ಗಿಡಕ್ಕೆ ಓಡಿದಳು. ಮುಳ್ಳು ಬೆರಳನ್ನು ಗೀರಿತು. ಬಾಯಲ್ಲಿಟ್ಟು ಚೀಪಿ, ಮತ್ತೆ ಬಗ್ಗಿದಳು. ಅರ್ಧ ಇಳಿಜಾರು ಮುಗಿಯುವಾಗ ಪಕ್ಕದಲ್ಲಿ ಇನ್ನೆರಡು ಕೈ ಕಂಡವು.

“ಚಹಾ ಕುಡಿಯಲ್ವಾ ಚಿಕ್ಕಪ್ಪಾ?”

“ಬಾಯಿ ಮುಚ್ಕೊಂಡು ಬಿಚ್ಚು,” ಎಂದ ಚಿಕ್ಕಪ್ಪ. “ಮನೆಗೆ ಬಾ, ಚೀಲಕ್ಕೆ ಕೈ ಹಾಕಿದ್ದಕ್ಕೆ ನಿಂಗಿದೆ.”

ಮೇಸ್ತ್ರಿ ಲೋಟ ಕೆಳಗಿಡುವ ಹೊತ್ತಿಗೆ ಅವಳ ಮಡಿಲಲ್ಲಿ ಮೂವತ್ತೆರಡು ತುಂಡು ಟೇಪು ಇತ್ತು. ಹನ್ನೊಂದು ಗಿಡ ಆಗಲೇ ನೆಲಕ್ಕೆ ಬಿದ್ದಿದ್ದವು. ಅವಳು ಅವುಗಳ ಹತ್ತಿರ ಹೋದಳು. ಒಂದೊಂದನ್ನೇ ನೋಡಿದಳು. ಒಂದರ ಬುಡ ಅವಳ ಹೆಬ್ಬೆರಳಿಗಿಂತ ದಪ್ಪ ಇರಲಿಲ್ಲ.

“ಇವತ್ತೇನೋ ಉಳಿದ್ವು,” ಎಂದರು ಮೇಸ್ತ್ರಿ, ಸ್ವಲ್ಪ ಮೆತ್ತಗೆ. “ಮುಂದಿನ ತಿಂಗಳು ದಾರಿ ಪಕ್ಕದ ಹುಲ್ಲು ಸವರೋಕೆ ಇನ್ನೊಂದು ಗ್ಯಾಂಗ್ ಬರತ್ತೆ. ಟೇಪ್ ಇಲ್ದಿದ್ರೆ ಅವರಿಗೆ ಇದೂ ಹುಲ್ಲೇ.”

ಮೆಣಸಿ ಕಣ್ಣೊರೆಸಿಕೊಂಡಳು.

“ಕಡೀರಿ ಅನ್ನೋಕೆ ಕೆಂಪು. ಮುಟ್ಬೇಡಿ ಅನ್ನೋಕೆ ನಿಮ್ಮಲ್ಲಿ ಯಾವ ಬಣ್ಣ?”

ಮೇಸ್ತ್ರಿ ಮೀಸೆ ತೀಡಿದರು.

“ಅದಕ್ಕೆ ಬಣ್ಣ ಇಲ್ಲ,” ಎಂದರು. “ಮೂವತ್ತು ವರ್ಷದಲ್ಲಿ ಯಾರೂ ಕೇಳೇ ಇಲ್ಲ.”

ನೀಲಿ ಅಂದುಬಿಡೋಣ ಎಂದು ಅವಳ ನಾಲಿಗೆ ತುದಿಗೆ ಬಂತು. ನಿನ್ನೆ ಯಾರನ್ನೂ ಕೇಳದೇ ಕೆಂಪು ಕಟ್ಟಿದ್ದು ನೆನಪಾಗಿ ಅವಳು ಅದನ್ನು ನುಂಗಿಕೊಂಡಳು.

“ಮಷಿನ್ ಹಿಡಿದಾಗ, ಆ ಕನ್ನಡಕ ಹಾಕ್ಕೊಂಡಾಗ, ದೂರದಿಂದ ನಿಮಗೆ ಯಾವ ಬಣ್ಣ ಚೆನ್ನಾಗಿ ಕಾಣತ್ತೆ?” ಎಂದು ಕೇಳಿದಳು.

ಮೇಸ್ತ್ರಿ ಇಳಿಜಾರಿನತ್ತ ತಿರುಗಿ ಕೈ ಬೀಸಿದರು.

“ಏಯ್, ಎಲ್ರೂ ಬನ್ರೋ ಇಲ್ಲಿ! ಈ ಹುಡುಗಿ ಏನೋ ಕೇಳ್ತಾಳೆ.”