ಚಿಲಕ ಹಾಕದ ಬಾಗಿಲು

ಬಾಗಿಲು ಕಚ್ಚಿಕೊಂಡಿದೆ, ಒಂದು ನಿಮಿಷ ಇರಿ ಎಂದು ಮಾನ್ಯ ಒಳಗಿನಿಂದ ಇಂಗ್ಲಿಷಿನಲ್ಲಿ ಕೂಗಿದಳು.

ಬಾಗಿಲು ತಟ್ಟುತ್ತಿದ್ದ ರಿಪೇರಿಯವನು ಕೈ ನಿಲ್ಲಿಸಿದ. ಆಮೇಲೆ ಕನ್ನಡದಲ್ಲಿ ಉತ್ತರ ಬಂತು.

"ಹಿಡಿಕೆ ನಿನ್ನ ಕಡೆ ಎಳ್ಕೋ ಮಾನ್ಯ. ನಾನು ಇಲ್ಲಿಂದ ಒತ್ತಿ ಹಿಡೀತೀನಿ."

ಈ ದನಿ...

ಶ್ರೀಕರ್! ಎರಡು ವರ್ಷದ ಹಿಂದೆ ಅವಳ ಜೊತೆ ಮದುವೆ ನಿಶ್ಚಯವಾಗಿದ್ದವನು. ಮನೆ ಮಾಲೀಕರು ಕಳಿಸುವ ರಿಪೇರಿಯವನು ಇವನೇ ಆಗಿರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ನೀನು ಯಾಕೆ ಬಂದೆ?"

"ಕೆಲಸಕ್ಕೆ. ಸಾಫ್ಟ್‌ವೇರ್ ಜಾಬ್ ಹೋದ್ಮೇಲೆ ಹಳೇ ಮನೆ ಬಾಗಿಲು, ಕಿಟಕಿ ರಿಪೇರಿ ಕಲ್ತೆ. ಅಡ್ರೆಸ್ ನೋಡಿ ಗೊತ್ತಾಯ್ತು. ಆದ್ರೆ ನೀನಿನ್ನೂ ಇಲ್ಲೇ ಇರ್ತೀಯ ಅಂದ್ಕೊಂಡಿರಲಿಲ್ಲ."

"ನಾಳೆಯಿಂದ ಇರಲ್ಲ. ಬೇರೆ ಊರಿಗೆ ಹೋಗ್ತಿದೀನಿ. ಜಾನ್ಸನ್‌ವಿಲ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ."

ಮರೆತಿದ್ದೇನೆ ಎಂದುಕೊಂಡಿದ್ದೆಲ್ಲ ಬರೀ ಸುಳ್ಳು!

ದಾವಣಗೆರೆಯಲ್ಲಿ ಅಪ್ಪ ತೀರಿಕೊಂಡ ದಿನ ಇಲ್ಲಿ ಪರದೇಶದಲ್ಲಿ ಶ್ರೀಕರ್ ಫೋನ್ ಆಫ್ ಮಾಡಿ ಮೀಟಿಂಗಿನಲ್ಲಿ ಕೂತಿದ್ದ. ಅಪ್ಪನ ಮುಖವನ್ನು ಅವಳು ವಿಡಿಯೋದಲ್ಲಿ ಒಬ್ಬಳೇ ನೋಡಿದ್ದಳು. "ನೀನು ನಂಗೆ ಬೇಡ" ಎಂದು ಅವನ ಮುಖಕ್ಕೆ ಹೇಳಿ, ಒನೆಹುಂಗಾ ಬಡಾವಣೆಯ ಈ ಹಳೆಯ ಮರದ ಮನೆಗೆ ಬಂದುಬಿಟ್ಟಿದ್ದಳು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಆದರೂ ಮನಸ್ಸು ಕೇಳಲಿಲ್ಲ. ಕೆಲವೇ ದಿನಕ್ಕೆ ಈ ಮನೆಯ ಅಡ್ರೆಸ್ ಬರೆದು ಅವನಿಗೆ ಮೆಸೇಜ್ ಕಳಿಸಿದ್ದಳು. ಭಾನುವಾರ ಸಂಜೆ ಚಿಲಕ ಹಾಕಿರಲ್ಲ, ನಾನಿನ್ನೂ ಬೇಕು ಅನಿಸಿದರೆ ಸೀದಾ ಒಳಗೆ ಬಾ.

ಆ ಸಂಜೆ ಅವನಿಗಿಷ್ಟವಾದ ಮೆಣಸಿನ ಸಾರು ಮಾಡಿದಳು. ಸಾರು ಆರಿತು, ಬಿಸಿ ಮಾಡಿದಳು, ಮತ್ತೆ ಆರಿತು. ಅವನು ಬರಲಿಲ್ಲ. ಮರುದಿನ ಫೋನ್ ಮಾಡಿದರೆ ಅವಳ ನಂಬರನ್ನೇ ಬ್ಲಾಕ್ ಮಾಡಿದ್ದ.

"ಬಾಗಿಲು ಯಾವಾಗಿಂದ ಹೀಗಿದೆ?" ಹೊರಗಿನಿಂದ ಅವನು ಕೇಳಿದ.

"ಮಳೆ ಹಿಡಿದ್ರೆ ಹೀಗೇ. ಮರ ಉಬ್ಬತ್ತೆ, ಕೀಲು ಬೇರೆ ಜೋತುಬಿದ್ದಿದೆ. ನಾನು ಮನೆಗೆ ಬಂದ ಹೊಸತರಲ್ಲಿ ನಂಗೂ ಗೊತ್ತಿರಲಿಲ್ಲ."

ಹೊರಗಿನಿಂದ ಒತ್ತುತ್ತಿದ್ದ ಬಲ ಸಡಿಲಾಯಿತು.

"ಶ್ರೀ?"

"ಆ ಭಾನುವಾರ ಜೋರು ಮಳೆ ಇತ್ತಲ್ವಾ..." ಅವನ ದನಿ ಒಡೆದಿತ್ತು. "ಮಾನ್ಯ, ನೀನು ಚಿಲಕ ಹಾಕಿರಲಿಲ್ವಾ?"

"ಇಲ್ಲ."

"ನಾನು ಬಂದಿದ್ದೆ. ತಳ್ಳಿದೆ, ಬರಲಿಲ್ಲ. ಇನ್ನೊಂದ್ಸಲ ತಳ್ಳಿದೆ. ನೀನು ಮನಸ್ಸು ಬದಲಾಯಿಸಿ ಚಿಲಕ ಹಾಕ್ಕೊಂಡಿದೀಯ ಅಂದ್ಕೊಂಡೆ."

ಮಾನ್ಯ ಬಾಗಿಲಿಗೆ ಒರಗಿದಳು. ಆ ಸಂಜೆ ಅವಳು ಹಿಂಬದಿಯ ಅಡುಗೆಮನೆಯಲ್ಲಿದ್ದಳು. ತಗಡಿನ ಸೂರಿನ ಮೇಲೆ ಮಳೆ ಬಡಿಯುತ್ತಿತ್ತು, ಏನೂ ಕೇಳಿಸಿರಲಿಲ್ಲ.

"ಒಂದ್ಸಲ ಕೂಗ್ಬಾರದಿತ್ತಾ?"

"ನಿಮ್ಮಪ್ಪ ಹೋದ ದಿನ ಜೊತೆಗಿಲ್ಲದವನು ಯಾವ ಮುಖ ಇಟ್ಕೊಂಡು ಕೂಗ್ಲಿ?"

ಅವಳಿಗೆ ಅಳು ತಡೆಯಲಾಗಲಿಲ್ಲ. ಮರಕ್ಕೇನು ಗೊತ್ತು ಮನುಷ್ಯರ ಮುನಿಸು? ನೀರು ಕುಡಿಯಿತು, ಉಬ್ಬಿತು. ಆದರೆ ಓದಿದವರು, ಬುದ್ಧಿವಂತರು ಎನಿಸಿಕೊಂಡ ಈ ಇಬ್ಬರು ಒಂದು ಕೂಗಿಗೆ ಹಿಂಜರಿದು ಎರಡು ವರ್ಷ ಕಳೆದುಕೊಂಡಿದ್ದರು.

"ಎಳಿ," ಎಂದ ಶ್ರೀಕರ್. ಅವಳು ಎಳೆದಳು, ಅವನು ಭುಜ ಕೊಟ್ಟ. ಬಾಗಿಲು ಕಿರುಗುಟ್ಟಿ ತೆರೆಯಿತು.

ಅವನು ಸೊರಗಿದ್ದ. ಕಿವಿಯ ಪಕ್ಕ ನರೆ ಬಂದಿತ್ತು.

ಕಣ್ಣೊರೆಸಿಕೊಂಡು ಅವನು ಕೀಲಿನ ಸ್ಕ್ರೂ ಬಿಗಿ ಮಾಡಿದ. ಬಾಗಿಲಿನ ಅಂಚಿಗೆ ಮರ ಹೆರೆಯುವ ಹತ್ತರಿ ಹೊಡೆದ. ಮರದ ಸಿಪ್ಪೆ ಸುರುಳಿಸುರುಳಿಯಾಗಿ ಅವಳ ಕಾಲ ಬಳಿ ಬಿತ್ತು. ಇಷ್ಟೇ ಇಷ್ಟು ಮರ... ಇದಕ್ಕೆ ಎಷ್ಟು ರಾತ್ರಿ ಅತ್ತೆ ಎಂದುಕೊಂಡಳು.

"ಒಂದ್ಸಲ ನೋಡ್ತೀನಿ." ಅವನು ಹೊರಗೆ ಹೋಗಿ ಬಾಗಿಲು ಮುಚ್ಚಿದ.

ಮಾನ್ಯ ಮತ್ತೆ ಒಳಗೆ ಒಬ್ಬಳೇ. ಅದೇ ಬಾಗಿಲು. ಹೊರಗೆ ಸದ್ದಿಲ್ಲ. ಹೋಗಿಬಿಟ್ಟನೇ?

ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಶ್ರೀಕರ್ ಹೊಸ್ತಿಲಾಚೆ ನಿಂತು ಅಳುತ್ತಿದ್ದ.

"ಒಳಗೆ ಬರ್ಲಾ?"

"ಸಾರು ಇಲ್ಲ. ಪಾತ್ರೆಗಳೆಲ್ಲ ಪ್ಯಾಕ್ ಆಗಿವೆ."

"ಜಾನ್ಸನ್‌ವಿಲ್‌ನಲ್ಲೂ ಹಳೇ ಮನೆಗಳಿರ್ತಾವೆ ಅಲ್ವಾ? ನಂಗೂ ಕೆಲಸ ಸಿಗತ್ತೆ."

"ಅಲ್ಲೂ ಬಾಗಿಲು ಕಚ್ಕೊಂಡ್ರೆ?"

"ಕೂಗ್ತೀನಿ."

"ನಂಗೆ ಕೇಳಿಸ್ದೇ ಇದ್ರೆ?"

"ಕೇಳಿಸೋವರೆಗೂ ಕೂಗ್ತೀನಿ."

ಅವಳು ಮರದ ಪುಡಿ ಮೆತ್ತಿದ ಅವನ ಕೈ ಹಿಡಿದುಕೊಂಡಳು.

"ಈಗೊಂದ್ಸಲ ಕೂಗು."

"ಮಾನ್ಯಾ..."

ಎರಡು ವರ್ಷ ಗಂಟಲಲ್ಲೇ ಉಳಿದಿದ್ದ ಉತ್ತರ ಅದು. ಅಳುತ್ತಲೇ ಹೇಳಿದಳು.

"ಬಂದೆ."